ಒಂದು ವರ್ಷ ದಾಟಿದ ಕರು

ಹೈದರಾಬಾದಿನ ದಿಲ್‌ಸುಖ್‌ನಗರದ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯವರು ಮೂಲತಃ ಲಿಂಗಸೂಗೂರು ಕಡೆಯವರು. ಇಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾದವರು. ನಿವೃತ್ತಿಯ ಆದೇಶವನ್ನು ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಎಲ್ಲರ ಆದೇಶದಲ್ಲೂ ಇರುವ ಆ ಸಾಲು ಇದೆ: ‘ಆನ್ ಅಟೇನಿಂಗ್ ದಿ ಏಜ್ ಆಫ್ ಸೂಪರ್‌ಆನ್ಯುಯೇಷನ್’. ಅದರ ಮೇಲೆ ಬೆರಳಿಟ್ಟು ಅವರು ಒಂದು ದಿನ ಕೇಳಿದರು: “ಸೂಪರ್ ಅಂತ ಬರದಾರ, ಮನಿಗೆ ಹೋಗು ಅಂತ ಕಳಸ್ಯಾರ. ಏನ್ ತಮಾಷಿ ಸರ ಇದು?”

ತಮಾಷೆ ಅವರು ಅಂದುಕೊಂಡಿದ್ದಕ್ಕಿಂತ ದೊಡ್ಡದೇ ಇದೆ. ಈ ಪದದ ‘ಸೂಪರ್’ಗೂ ಸಿನಿಮಾದ ‘ಸೂಪರ್’ಗೂ ಅರ್ಥದಲ್ಲಿ ನಂಟಿಲ್ಲ. ಲ್ಯಾಟಿನ್‌ನಲ್ಲಿ ಸೂಪರ್ ಎಂದರೆ ಮೇಲೆ, ಆಚೆ. ಉಳಿದ ಭಾಗದೊಳಗೆ ಕೂತಿರುವುದು ‘ಆನ್ನುಸ್’, ಅಂದರೆ ವರ್ಷ. ಆನ್ಯುಯಲ್, ಆನಿವರ್ಸರಿ, ಮಿಲೆನಿಯಮ್, ವಿಮೆಯವರು ಹೇಳುವ ಆನ್ಯುಯಿಟಿ, ಎಲ್ಲ ಅದೇ ಬಳ್ಳಿಯ ಕಾಯಿಗಳು. ಹಾಗಾದರೆ ಸೂಪರ್‌ಆನ್ಯುಯೇಷನ್ ಎಂದರೆ ‘ವರ್ಷ ದಾಟುವುದು’. ಎಷ್ಟು ವರ್ಷ? ಐವತ್ತೆಂಟಲ್ಲ, ಅರವತ್ತೂ ಅಲ್ಲ. ಒಂದೇ ವರ್ಷ. ದಾಟಿದ್ದು ಮನುಷ್ಯನಲ್ಲ, ದನದ ಕರು.

ಮಧ್ಯಯುಗದ ಇಂಗ್ಲೆಂಡಿನ ಜಮೀನುಗಳ ಮೇಲ್ವಿಚಾರಕರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಸೆಪ್ಟೆಂಬರ್ 29ರ ಮೈಕೆಲ್‌ಮಸ್ ಹಬ್ಬದ ಹೊತ್ತಿಗೆ, ಒಡೆಯನಿಗೆ ಲೆಕ್ಕ ಒಪ್ಪಿಸಬೇಕಿತ್ತು. ತೊಗಲಿನ ಸುರುಳಿಯ ಮುಂಬದಿಯಲ್ಲಿ ಹಣದ ಲೆಕ್ಕ, ಹಿಂಬದಿಯಲ್ಲಿ ಕಾಳು ಮತ್ತು ಜಾನುವಾರುಗಳ ಲೆಕ್ಕ. ಎಷ್ಟು ಎತ್ತು, ಎಷ್ಟು ಹಸು, ಎಷ್ಟು ಕರು. ಹೋದ ವರ್ಷದ ಲೆಕ್ಕದಲ್ಲಿ ಕರು ಎಂದು ಬರೆದದ್ದನ್ನು ಈ ವರ್ಷವೂ ಕರು ಎಂದೇ ಬರೆಯುವಂತಿಲ್ಲ. ಅದು ಮುಂದಿನ ವರ್ಗಕ್ಕೆ ಬಡ್ತಿ ಪಡೆಯಬೇಕು. ಹಾಗೆ ವರ್ಷ ತುಂಬಿ ಮೇಲಿನ ವರ್ಗಕ್ಕೆ ಹೋದ ಪಶುವಿಗೆ ಆ ಕಾಲದ ಲ್ಯಾಟಿನ್‌ನಲ್ಲಿ ‘ಸೂಪರ್‌ಅನ್ನಾಟುಸ್’ ಎಂದು ಹೆಸರು. ಈ ಪದ ಹುಟ್ಟಿದಾಗ ಅದರಲ್ಲಿ ಮುಪ್ಪಿನ ವಾಸನೆಯೇ ಇರಲಿಲ್ಲ ಎಂಬುದು ನನಗೆ ಬಲು ಇಷ್ಟವಾದ ಸಂಗತಿ. ಹಾಲು ಬಿಟ್ಟು, ಮೇವಿಗೆ ಹೊಂದಿಕೊಂಡು, ಇನ್ನೆರಡು ಮೂರು ವರ್ಷದಲ್ಲಿ ನೊಗಕ್ಕೋ ಕೊಟ್ಟಿಗೆಗೋ ದಕ್ಕಲಿರುವ ಪ್ರಾಣಿ ಅದು.

ನಮ್ಮ ದನದ ಜಾತ್ರೆಗಳಲ್ಲಿ ವರ್ಷದ ಲೆಕ್ಕ ಯಾರೂ ಕೇಳುವುದಿಲ್ಲ. ದಲ್ಲಾಳಿ ಒಂದು ಕೈಯಲ್ಲಿ ಮೂಗುದಾರ ಹಿಡಿದು, ಇನ್ನೊಂದು ಕೈಯಿಂದ ಹೋರಿಯ ಕೆಳತುಟಿ ಮಡಚಿ ನೋಡುತ್ತಾನೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಮೂಡಿದರೆ ಬಾಯಿಗೂಡಿತು. ಮೇಲಿನ ದವಡೆಯಲ್ಲಿ ಮುಂದಿನ ಹಲ್ಲುಗಳೇ ಇಲ್ಲದ ಪ್ರಾಣಿಯಾದ್ದರಿಂದ ನೋಡುವುದೇನಿದ್ದರೂ ಕೆಳಗೇ. ಬೆಲೆ ಕುದುರುವುದು ಎರಡು ಹಲ್ಲಿಗೋ ನಾಲ್ಕು ಹಲ್ಲಿಗೋ ಎಂಬುದು ಕೊಳ್ಳುವವನ ಹೊಲದ ಕೆಲಸಕ್ಕೆ ಬಿಟ್ಟದ್ದು. ಇಂಗ್ಲೆಂಡಿನ ಲೆಕ್ಕದವನಾಗಲಿ ನಮ್ಮ ದಲ್ಲಾಳಿಯಾಗಲಿ ಅಳೆಯುತ್ತಿದ್ದುದು ಪ್ರಾಣಿಯ ಆಯಸ್ಸನ್ನಲ್ಲ, ಒಡೆಯನಿಗೆ ಅದರಿಂದ ಆಗುವ ಉಪಯೋಗವನ್ನು.

ಫ್ರಾನ್ಸಿನಲ್ಲಿ ಇದೇ ಪದ ದನದ ಕೊಟ್ಟಿಗೆಯಿಂದ ಕಚೇರಿಗೆ ಬಂತು. ರಾಜರ ಕಾಲದಲ್ಲಿ ಅಲ್ಲಿನ ಸರ್ಕಾರಿ ಪತ್ರಗಳಿಗೆ ಒಂದು ವರ್ಷದ ಆಯಸ್ಸು. ಅಷ್ಟರೊಳಗೆ ಬಳಸದಿದ್ದರೆ ಪತ್ರ ‘ಸ್ಯುರಾನೆ’ ಆಯಿತು, ವರ್ಷ ಮೀರಿತು, ಬೆಲೆ ಕಳೆದುಕೊಂಡಿತು. ಅದಕ್ಕೆ ಮತ್ತೆ ಜೀವ ತುಂಬಲು ಇನ್ನೊಂದು ಪತ್ರ ತರಬೇಕಿತ್ತು. ಇವತ್ತಿನ ಫ್ರೆಂಚ್‌ನಲ್ಲಿ ಸ್ಯುರಾನೆ ಎಂದರೆ ಹಳೆಯ ಕಾಲದ್ದು, ಚಾಲ್ತಿ ತಪ್ಪಿದ್ದು. ಹದಿನೇಳನೇ ಶತಮಾನದ ಮೊದಲರ್ಧದಲ್ಲಿ ಇಂಗ್ಲಿಷಿನವರು ಪದವನ್ನು ತಮ್ಮದಾಗಿಸಿಕೊಂಡಾಗ ಈ ಹಳಸಲು ಅರ್ಥವೇ ಜೊತೆಗೆ ಬಂತು. ‘ಆನ್ಯುಯಲ್’ ಪದದ ಪ್ರಭಾವದಿಂದ ನಡುವೆ ಒಂದು ಉಕಾರವೂ ತೂರಿಕೊಂಡಿತು. ಕರು ಮರೆತುಹೋಯಿತು, ಮುದುಕ ಉಳಿದ.

ಮುದುಕನಿಗೆ ದುಡ್ಡು ಸೇರಿಕೊಂಡದ್ದು ಆಮೇಲೆ. 1684ರಲ್ಲಿ ಲಂಡನ್ ಬಂದರಿನ ಸುಂಕದ ಇಲಾಖೆಯಲ್ಲಿ ಕೆಲಸ ಮಾಡಲಾಗದಷ್ಟು ಅಶಕ್ತನಾದ ಒಬ್ಬ ನೌಕರನಿಗೆ, ಅವನ ಜಾಗಕ್ಕೆ ಬಂದವನ ಸಂಬಳದಲ್ಲೇ ಅರ್ಧ ಕೊಡಿಸಿದರು ಎಂದು ಪಿಂಚಣಿಯ ಚರಿತ್ರೆ ಬರೆದವರು ಹೇಳುತ್ತಾರೆ. ಹೊಸಬನ ಪಾಡು ಏನಾಗಿದ್ದೀತು! ಕೊನೆಗೆ 1834 ಮತ್ತು 1859ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಸೂಪರ್‌ಆನ್ಯುಯೇಷನ್ ಕಾಯ್ದೆಗಳನ್ನೇ ಮಾಡಿತು. ಅಲ್ಲಿಂದ ಪದ ಸರ್ಕಾರದ ಸ್ವತ್ತು.

ಅದಕ್ಕೂ ಮೊದಲು ಒಬ್ಬ ಗುಮಾಸ್ತ ಈ ಪದಕ್ಕೆ ಸಾಹಿತ್ಯದ ಪಟ್ಟ ಕಟ್ಟಿದ್ದ. ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ 1792ರಿಂದ 1825ರವರೆಗೆ, 33 ವರ್ಷ, ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಲೆಕ್ಕ ಬರೆದವನು. ಐವತ್ತನೇ ವಯಸ್ಸಿನಲ್ಲಿ ಕಂಪನಿ ಅವನಿಗೆ ಸಂಬಳದ ಸುಮಾರು ಮೂರನೇ ಎರಡು ಭಾಗದ ಪಿಂಚಣಿ ಕೊಟ್ಟು ಕಳುಹಿಸಿತು. ಅದೇ ವರ್ಷ ಅವನು ಬರೆದ ಪ್ರಬಂಧದ ಹೆಸರು ‘ದಿ ಸೂಪರ್‌ಆನ್ಯುಯೇಟೆಡ್ ಮ್ಯಾನ್’. ಬಿಡುಗಡೆಯ ಮೊದಲ ದಿನಗಳಲ್ಲಿ ದಿಕ್ಕು ತೋಚದೆ ತಿರುಗಾಡಿ, ಹಳೆಯ ಮೇಜಿನ ಬಳಿಗೆ ಹೋಗಿ ನೋಡಿ, ಅಲ್ಲಿ ಇನ್ನೊಬ್ಬ ಕೂತಿರುವುದನ್ನು ಕಂಡು ಬಂದವನ ಕಥೆ ಅದು. ನಮ್ಮ ದೇಶದ ವ್ಯಾಪಾರದ ಲೆಕ್ಕ ಬರೆದೇ ಅವನ ಬೆನ್ನು ಬಾಗಿದ್ದು. ಆ ಲೆಕ್ಕಕ್ಕೆ ಸೇರಿದ ಹಣವನ್ನು ದುಡಿದ ನಮ್ಮ ನೇಕಾರನಿಗೆ, ನೀಲಿ ಬೆಳೆದ ರೈತನಿಗೆ ಯಾವ ಪಿಂಚಣಿಯೂ ಇರಲಿಲ್ಲ ಎಂಬುದನ್ನು ಲ್ಯಾಂಬ್ ಓದುವಾಗ ನಾನು ಮರೆಯಲಾರೆ. ಅವನ ಗದ್ಯ ಸೊಗಸಾಗಿದೆ ಎಂಬುದೂ ನಿಜ.

ಭಾರತದಲ್ಲಿ ಈ ಪದ ಬೇರುಬಿಟ್ಟದ್ದು ನಿಯಮಾವಳಿಗಳಲ್ಲಿ. 1922ರ ಜನವರಿ 1ರಿಂದ ಜಾರಿಗೆ ಬಂದ ಫಂಡಮೆಂಟಲ್ ರೂಲ್ಸ್‌ನ 56ನೇ ನಿಯಮವೇ ಇವತ್ತಿಗೂ ಕೇಂದ್ರ ನೌಕರರನ್ನು ಮನೆಗೆ ಕಳುಹಿಸುವ ನಿಯಮ. ವಯಸ್ಸು ತುಂಬಿದ ತಿಂಗಳ ಕೊನೆಯ ದಿನದ ಮಧ್ಯಾಹ್ನಾನಂತರ ನಿವೃತ್ತಿ. ತಿಂಗಳ 1ನೇ ತಾರೀಖು ಹುಟ್ಟಿದವರು ಮಾತ್ರ ಹಿಂದಿನ ತಿಂಗಳ ಕೊನೆಯ ದಿನವೇ ಹೋಗಬೇಕು. ಇಲ್ಲೊಂದು ದೇಸಿ ಸ್ವಾರಸ್ಯವಿದೆ. ಒಂದು ತಲೆಮಾರಿನ ಎಷ್ಟೋ ಮಂದಿಯ ಹುಟ್ಟಿದ ದಿನ ಜೂನ್ 1. ಅದು ತಾಯಿ ಹೆತ್ತ ದಿನವಲ್ಲ, ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬರೆದುಕೊಂಡ ದಿನ. ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿ ಮುಟ್ಟಿದರೆ ಒಂದನೇ ಇಯತ್ತೆ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಆ ಕೈಬರಹದ ಫಲವಾಗಿ ಮೇ 31 ಎಂದರೆ ಕಚೇರಿ ಕಚೇರಿಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ. ದನದ ಹಲ್ಲು ನೋಡಿದ್ದಕ್ಕಿಂತ ಈ ಲೆಕ್ಕ ಹೆಚ್ಚು ಖಚಿತ ಎನ್ನುವ ಧೈರ್ಯ ನನಗಿಲ್ಲ.

ಗೆರೆ ಎಲ್ಲಿ ಎಳೆಯಬೇಕು ಎಂಬುದು ಯಾವತ್ತೂ ಒಡೆಯನ ಮರ್ಜಿ. ಜರ್ಮನಿಯ ಬಿಸ್ಮಾರ್ಕ್ 1889ರಲ್ಲಿ ವೃದ್ಧಾಪ್ಯ ಪಿಂಚಣಿಯ ಕಾನೂನು ತಂದಾಗ ವಯಸ್ಸಿನ ಗೆರೆ ಎಳೆದದ್ದು 70ಕ್ಕೆ. ಆಗ ಅವನಿಗೇ 74. ಹೈದರಾಬಾದಿನ ಉದಾಹರಣೆ ಅದಕ್ಕಿಂತ ಖಾರ. 1983ರ ಜನವರಿಯಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿಯಾದ ಎನ್.ಟಿ. ರಾಮರಾವ್ ಮರುತಿಂಗಳೇ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 55ಕ್ಕೆ ಇಳಿಸಿದರು. ಯುವಕರಿಗೆ ಕೆಲಸ ಸಿಗಲಿ ಎಂಬ ಕಾರಣ ಹೇಳಲಾಯಿತು. ಸ್ವತಃ ರಾಮರಾಯರಿಗೆ ಆಗ 59 ತುಂಬಿತ್ತು. ಒಂದೇ ಏಟಿಗೆ ಸಾವಿರಾರು ಜನ ಮನೆ ಸೇರಿದರು. ಮಗಳ ಮದುವೆ, ಮಗನ ಓದು, ಸಾಲ ಮಾಡಿ ಕೊಂಡ ಸೈಟು, ಎಲ್ಲದರ ಲೆಕ್ಕವೂ ಮೂರು ವರ್ಷ ಮುಂಚೆಯೇ ಮುರಿದುಬಿತ್ತು. ಕೆ. ನಾಗರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1985ರ ಜನವರಿಯಲ್ಲಿ ಸರ್ಕಾರದ ಈ ಅಧಿಕಾರವನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ, 1984ರಲ್ಲೇ, ಗೆರೆ ಮತ್ತೆ 58ಕ್ಕೆ ಹೋಗಿಯಾಗಿತ್ತು! ನಡುವೆ ಸಿಕ್ಕಿಕೊಂಡವರಿಗೂ ಅದರ ಲಾಭ ಸಿಗಬೇಕೆಂದು 1985ರಲ್ಲೇ ಇನ್ನೊಂದು ತೀರ್ಪು ಬಂತು. ಒಬ್ಬನೇ ಮನುಷ್ಯ ಎರಡು ವರ್ಷದೊಳಗೆ ಮುದುಕನಾಗಿ, ಮತ್ತೆ ಮುದುಕನಲ್ಲದವನಾದ.

ಇವತ್ತಿನ ನಕ್ಷೆ ನೋಡಿ. ಕರ್ನಾಟಕದಲ್ಲಿ 2008ರಿಂದ 60. ತೆಲಂಗಾಣದಲ್ಲಿ 2021ರಿಂದ 61. ಆಂಧ್ರದಲ್ಲಿ 2022ರಿಂದ 62. ಅಂದರೆ ಒಂದೇ ದಿನ ಹುಟ್ಟಿದ ಮೂವರು ಗುಮಾಸ್ತರಲ್ಲಿ ರಾಯಚೂರಿನವನು ಮೊದಲು ಮುದುಕನಾಗುತ್ತಾನೆ, ಹೈದರಾಬಾದಿನವನು ಮರುವರ್ಷ, ಕರ್ನೂಲಿನವನು ಅದರ ಮರುವರ್ಷ. ಕೇರಳದಲ್ಲಿ 2013ರ ಏಪ್ರಿಲ್‌ಗೆ ಮುಂಚೆ ಕೆಲಸಕ್ಕೆ ಸೇರಿದವರಿಗೆ 56ಕ್ಕೇ ಮುಗಿಯಿತು. ಕಾಸರಗೋಡಿನ ಸರ್ಕಾರಿ ಶಾಲೆಯ ಕನ್ನಡ ಮೇಷ್ಟ್ರು ಹಾರ ಹಾಕಿಸಿಕೊಂಡ ಮೇಲಿನ ನಾಲ್ಕು ವರ್ಷವೂ, ಗಡಿಯಾಚೆ ಮಂಗಳೂರಿನ ಅವರ ಓರಗೆಯವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿರುತ್ತಾರೆ.

ತೆಲಂಗಾಣ 58ರಿಂದ ಒಮ್ಮೆಗೇ 61ಕ್ಕೆ ಏರಿಸಿದ್ದರಿಂದ 2021ರ ಮಾರ್ಚ್ ಕೊನೆಯಿಂದ ಮೂರು ವರ್ಷ ವಯಸ್ಸಿನ ನಿವೃತ್ತಿಯೇ ಹೆಚ್ಚುಕಡಿಮೆ ನಿಂತುಹೋಯಿತು. ಮತ್ತೆ ಶುರುವಾದದ್ದು 2024ರ ಮಾರ್ಚ್‌ಗೆ. ಇದರ ಬಿಸಿ ಎಲ್ಲಕ್ಕಿಂತ ಹೆಚ್ಚಾಗಿ ತಟ್ಟಿದ್ದು ದಿಲ್‌ಸುಖ್‌ನಗರಕ್ಕೆ. ಮೆಟ್ರೋ ಕಂಬಗಳ ಎರಡೂ ಬದಿಯ ಕಟ್ಟಡಗಳ ತುಂಬ ಕೋಚಿಂಗ್ ಸೆಂಟರ್‌ಗಳು, ಅವುಗಳ ಹಿಂದಿನ ಗಲ್ಲಿಗಳ ತುಂಬ ಹಾಸ್ಟೆಲ್‌ಗಳು. ನಲ್ಗೊಂಡ, ಮೆಹಬೂಬ್‌ನಗರದ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಸರ್ಕಾರಿ ನೌಕರಿಯ ‘ಗ್ರೂಪ್ಸ್’ ಪರೀಕ್ಷೆಯ ಅಧಿಸೂಚನೆ ಕಾಯುತ್ತ ವರ್ಷಗಟ್ಟಲೆ ಇರುತ್ತಾರೆ. ಕರ್ರಿಪಾಯಿಂಟಿನ ಸಾಲಿನಲ್ಲಿ ಅವರ ಹಿಂದೆಯೇ ನಿಂತು ಪಲ್ಯ ಕಟ್ಟಿಸಿಕೊಳ್ಳುವವರು ಸುತ್ತಲಿನ ಕಾಲೊನಿಗಳ ನಿವೃತ್ತರು. ಒಬ್ಬರ ಖಾಲಿ ಕುರ್ಚಿ ಇನ್ನೊಬ್ಬರ ಆಸೆ. ನೌಕರಿಯ ಪರೀಕ್ಷೆಗೆ ಕೂರುವವರಿಗೂ ವಯಸ್ಸಿನ ಮಿತಿ ಇದೆಯಷ್ಟೆ. ಮೂವತ್ತು ದಾಟಿದ ಹುಡುಗ ನೌಕರಿ ಸೇರುವ ಮೊದಲೇ ಸೂಪರ್‌ಆನ್ಯುಯೇಟ್ ಆಗುವ ಭಯದಲ್ಲಿರುತ್ತಾನೆ. ಆ ಹಳೆಯ ಲ್ಯಾಟಿನ್ ಅರ್ಥಕ್ಕೆ ಅರವತ್ತರವರಿಗಿಂತ ಇವನೇ ಹತ್ತಿರದವನು.

ಈ ಊರಿನ ಉರ್ದುವಿನಲ್ಲಿ ಪಿಂಚಣಿಗೆ ‘ವಜೀಫಾ’ ಎನ್ನುತ್ತಾರೆ, ಪಿಂಚಣಿದಾರ ‘ವಜೀಫಾಯಾಬ್’. ನಿಜಾಮರ ಕಾಲದಲ್ಲಿ ಕಲಬುರಗಿ, ರಾಯಚೂರು, ಬೀದರಿನ ಕಚೇರಿಗಳ ಭಾಷೆಯೂ ಉರ್ದುವೇ ಆಗಿದ್ದರಿಂದ ನಮ್ಮ ಕಡೆಯ ಹಿರಿಯರಿಗೆ ಇದು ಹೊಸ ಪದವಲ್ಲ. ನಿವೃತ್ತನಾಗುವುದಕ್ಕೆ ಉರ್ದು ಪತ್ರಿಕೆಗಳು ‘ಸಬುಕ್‌ದೋಶ್’ ಎಂದು ಬರೆಯುತ್ತವೆ. ಸಬುಕ್ ಎಂದರೆ ಹಗುರ, ದೋಶ್ ಎಂದರೆ ಹೆಗಲು. ಹೆಗಲು ಹಗುರಾದವನು! ತೆಲುಗಿನವರದು ‘ಪದವೀ ವಿರಮಣ’. ಕನ್ನಡದ ಸರ್ಕಾರಿ ಆದೇಶಗಳಲ್ಲಿ ಸೂಪರ್‌ಆನ್ಯುಯೇಷನ್‌ಗೆ ‘ವಯೋನಿವೃತ್ತಿ’. ಪದ ಚೊಕ್ಕಟವಾಗಿದೆ, ತಕರಾರಿಲ್ಲ. ಆದರೆ ಆಯ್ಕೆ ನನಗೆ ಬಿಟ್ಟರೆ ನಾನು ಹೆಗಲಿನ ಕಡೆ.

ಹೆಗಲು ಹಗುರಾಗುವುದು ಪಿಂಚಣಿ ಕೈಗೆ ಬಂದರೆ ತಾನೆ? ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ಯ ತಬರಶೆಟ್ಟಿ ಸರ್ಕಾರದ ಜವಾನನಾಗಿ ನಿವೃತ್ತನಾದವನು. ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲು ಕೊಳೆಯುತ್ತಿದ್ದಾಗ ತನ್ನದೇ ಪಿಂಚಣಿಗಾಗಿ ಅವನು ಮೇಜಿನಿಂದ ಮೇಜಿಗೆ ಅಲೆಯುತ್ತಾನೆ. ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. 1986ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು, ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ. ಇದಕ್ಕೆ ನಾಲ್ಕು ವರ್ಷ ಮೊದಲು, 1982ರ ಡಿಸೆಂಬರ್ 17ರಂದು, ಡಿ.ಎಸ್. ನಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪಿಂಚಣಿ ಎಂಬುದು ಧಣಿಯ ದಾನವಲ್ಲ, ಹಿಂದೆ ದುಡಿದದ್ದಕ್ಕೆ ಸಲ್ಲುವ ಹಕ್ಕು ಎಂಬರ್ಥದ ತೀರ್ಪು ಕೊಟ್ಟಿತ್ತು. ನಿವೃತ್ತರ ಸಂಘಗಳು ಆ ತಾರೀಖನ್ನೇ ಪಿಂಚಣಿದಾರರ ದಿನವಾಗಿ ಆಚರಿಸುತ್ತವೆ. ದಿಲ್ಲಿಯ ತೀರ್ಪು ತಬರನ ಊರು ಮುಟ್ಟುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಬೇರೆ ಮಾತು.

ವಯಸ್ಸಿಗೆ ನೇರವಾಗಿ ಹೆಸರಿಡುವ ಇಂಗ್ಲಿಷ್ ಪದಗಳೂ ಹಣದ ನಂಟು ಬಿಟ್ಟಿಲ್ಲ. ಅರವತ್ತರವರು ಸೆಕ್ಸಜನೇರಿಯನ್, ನೂರರವರು ಸೆಂಟಿನೇರಿಯನ್. ಎರಡೂ ರೋಮನ್ನರ ಎಣಿಕೆಯಿಂದ ಬಂದವು. ರೋಮ್ ಸಾಮ್ರಾಜ್ಯದ ಅಧಿಕಾರಿಗಳಲ್ಲಿ ವರ್ಷಕ್ಕೆ 60,000 ಸೆಸ್ಟರ್ಸ್ ಸಂಬಳದವನೂ ಸೆಕ್ಸಜನೇರಿಯುಸ್, ಒಂದು ಲಕ್ಷ ಸಂಬಳದವನು ಸೆಂಟಿನೇರಿಯುಸ್. ನಮ್ಮ ಎ ಗ್ರೂಪು, ಬಿ ಗ್ರೂಪು ಇದ್ದಂತೆ. ಅದೇ ರೋಮಿನಲ್ಲಿ ‘ಅರವತ್ತರವರನ್ನು ಸೇತುವೆಯಿಂದ ತಳ್ಳಿ’ ಎಂಬರ್ಥದ ಗಾದೆಯೂ ಓಡಾಡುತ್ತಿತ್ತು. ಮತ ಹಾಕಲು ನಡೆದುಹೋಗುವ ಕಿರುಸೇತುವೆಯಿಂದ ಮುದುಕರನ್ನು ಕೆಳಗಿಳಿಸುವ ಮಾತು ಅದು ಎಂದು ಕೆಲವರು ಸಮಾಧಾನ ಹೇಳಿದ್ದುಂಟು. ನಮ್ಮ ‘ಅರವತ್ತಕ್ಕೆ ಅರಳುಮರಳು’ ಅಷ್ಟು ಕ್ರೂರವಲ್ಲ, ಆದರೆ ದಿಕ್ಕು ಅದೇ.

ಪಂಚಾಂಗದ ಲೆಕ್ಕ ಮಾತ್ರ ಬೇರೆ ಜಾತಿಯದು. ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರ. ಅರವತ್ತು ತುಂಬಿದಾಗ ಹುಟ್ಟಿದ ಸಂವತ್ಸರವೇ ತಿರುಗಿ ಬರುತ್ತದೆ. ಅದಕ್ಕೇ ಷಷ್ಟ್ಯಬ್ದಿಯಲ್ಲಿ ಅಜ್ಜ ಅಜ್ಜಿಗೆ ಮತ್ತೆ ಮದುವೆ. ಎಪ್ಪತ್ತಕ್ಕೆ ಭೀಮರಥ ಶಾಂತಿ, ಎಂಬತ್ತು ದಾಟಿ ಕೆಲವು ತಿಂಗಳಿಗೆ ಸಾವಿರ ಹುಣ್ಣಿಮೆ ಕಂಡವರ ಸಹಸ್ರ ಚಂದ್ರ ದರ್ಶನ. ಇದರಲ್ಲಿ ಎಲ್ಲೂ ‘ಇನ್ನು ಸಾಕು’ ಎಂಬ ಗೆರೆ ಇಲ್ಲ. ಖರ್ಚು ಮಾತ್ರ ಇದೆ ಎಂದು ಮಕ್ಕಳು ಗೊಣಗಬಹುದು.

ಗೆರೆ ಬರುವ ಮೊದಲೇ ತಾವಾಗಿ ಎದ್ದುಹೋದವರ ಕಥೆಯೂ ಈ ಊರಿಗೆ ಸೇರಿದ್ದೇ. ಮೋಕ್ಷಗುಂಡಂ ವಿಶ್ವೇಶ್ವರಯ್ಯ ಮುಂಬಯಿ ಸರ್ಕಾರದಲ್ಲಿ ಸುಮಾರು 24 ವರ್ಷ ದುಡಿದು 1908ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ಕೆಲಸ ಬಿಟ್ಟರು. ಯುರೋಪ್ ಪ್ರವಾಸದಲ್ಲಿದ್ದಾಗ ಹೈದರಾಬಾದಿನಿಂದ ಕರೆ ಬಂತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರಿನ ದೊಡ್ಡ ಭಾಗವನ್ನೇ ಕೊಚ್ಚಿಕೊಂಡು ಹೋಗಿತ್ತು. ಸತ್ತವರು ಸಾವಿರಾರು. 1909ರ ಏಪ್ರಿಲ್‌ನಲ್ಲಿ ಬಂದ ವಿಶ್ವೇಶ್ವರಯ್ಯ ಮಳೆಯ, ಕೆರೆಗಳ ಲೆಕ್ಕ ಹಾಕಿ, ಊರಿನ ಮೇಲ್ಭಾಗದಲ್ಲಿ ನೀರು ತಡೆಯುವ ಜಲಾಶಯಗಳ ಯೋಜನೆ ಕೊಟ್ಟರು. ಮೂಸಿಗೆ ಉಸ್ಮಾನ್‌ಸಾಗರ 1920ರಲ್ಲಿ ಮುಗಿಯಿತು, ಅದರ ಉಪನದಿ ಈಸಿಗೆ ಹಿಮಾಯತ್‌ಸಾಗರ 1927ರಲ್ಲಿ. ದಿಲ್‌ಸುಖ್‌ನಗರ ಇರುವುದು ಮೂಸಿಯ ದಕ್ಷಿಣ ದಂಡೆಯ ಕಡೆ. ಜೋರು ಮಳೆಗಾಲದಲ್ಲಿ ಮೇಲಿನ ಎರಡೂ ಜಲಾಶಯಗಳ ಗೇಟು ತೆರೆದರೆ ಪಕ್ಕದ ಮೂಸಾರಾಂಬಾಗ್‌ನ ತಗ್ಗು ಸೇತುವೆ ಮುಳುಗಿದ್ದುಂಟು, ಇಲ್ಲಿನವರು ಸುತ್ತುಹಾಕಿ ಅಂಬರ್‌ಪೇಟೆ ಸೇರಿದ್ದುಂಟು. ಆ ಗೇಟುಗಳ ಹಿಂದಿರುವುದು ನಿವೃತ್ತ ಎಂಜಿನಿಯರರೊಬ್ಬರ ಲೆಕ್ಕ. ಆಮೇಲೆ ಅವರು ಮೈಸೂರಿನ ಚೀಫ್ ಎಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾದರು, ತೊಂಬತ್ತರ ಆಸುಪಾಸಿನಲ್ಲಿ ಗಂಗಾನದಿಗೆ ಮೊಕಾಮಾದ ಬಳಿ ಸೇತುವೆ ಎಲ್ಲಿ ಕಟ್ಟಬೇಕೆಂದು ನೋಡಲು ಬಿಹಾರಕ್ಕೆ ಹೋದರು. ಅವರ ನೂರರ ನೆನಪಿಗೆ 1960ರಲ್ಲಿ ಅಂಚೆಚೀಟಿ ಬಂದಾಗ ಅದನ್ನು ನೋಡಲು ಅವರೇ ಇದ್ದರು. ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಮುಂಬಯಿಯ ನೌಕರಿಗಿಂತ ಅದನ್ನು ಬಿಟ್ಟ ಮೇಲಿನ ಬದುಕು ಎರಡು ಪಟ್ಟಿಗೂ ಹೆಚ್ಚು.

ಬರಹಗಾರರಲ್ಲಿ ಎ.ಎನ್. ಮೂರ್ತಿರಾಯರು ನೆನಪಾಗುತ್ತಾರೆ. ಲ್ಯಾಂಬ್‌ನ ಬಳಗದ ಪ್ರಬಂಧಗಳನ್ನು ಕನ್ನಡದಲ್ಲಿ ಬರೆದವರು, ‘ಹಗಲುಗನಸುಗಳು’ ಅವರದು. 1900ರಲ್ಲಿ ಹುಟ್ಟಿದ ಮೇಷ್ಟ್ರು ‘ದೇವರು’ ಪುಸ್ತಕ ಪ್ರಕಟಿಸಿ ದೇವರ ಅಸ್ತಿತ್ವವನ್ನು ಪ್ರಶ್ನಿಸಿದ್ದು ತೊಂಬತ್ತು ದಾಟಿದ ಮೇಲೆ. 2003ರವರೆಗೆ ಬದುಕಿದ್ದರು.

ಪ್ರೊ. ಜಿ. ವೆಂಕಟಸುಬ್ಬಯ್ಯನವರದು ಇನ್ನೂ ಉದ್ದದ ಓಟ. ಹುಟ್ಟಿದ್ದು 1913ರ ಆಗಸ್ಟ್ 23, ಬೆಂಗಳೂರಿನ ವಿಜಯ ಕಾಲೇಜಿನಿಂದ ನಿವೃತ್ತರಾದದ್ದು 1973ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ದೊಡ್ಡ ನಿಘಂಟಿನ ಕೆಲಸದ ಬಹುಪಾಲು ಆದದ್ದು ಅದರಾಚೆಗೆ. ‘ಪ್ರಜಾವಾಣಿ’ಯಲ್ಲಿ ಓದುಗರು ಕೇಳಿದ ಪದಗಳಿಗೆ ಅರ್ಥ, ಮೂಲ ಹೇಳುವ ‘ಇಗೋ ಕನ್ನಡ’ ಅಂಕಣ ಶುರು ಮಾಡಿದ್ದು 1991ರಲ್ಲಿ, ನಿವೃತ್ತಿಯಾಗಿ ಹದಿನೆಂಟು ವರ್ಷವಾದ ಮೇಲೆ. ಪದದ ಬೇರು ಕೆದಕುವ ನಮ್ಮಂಥ ಅಂಕಣಕಾರರೆಲ್ಲ ಅವರ ಸಾಲಗಾರರು. 2017ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 103. ತೀರಿಕೊಂಡದ್ದು 2021ರ ಏಪ್ರಿಲ್‌ನಲ್ಲಿ, 107 ದಾಟಿ.

ಇಷ್ಟು ದೂರ ಬರುವವರಿಗಾಗಿ ಕೇಂದ್ರ ಸರ್ಕಾರ 2006ರಿಂದ ಒಂದು ಪಟ್ಟಿ ಇಟ್ಟುಕೊಂಡಿದೆ. ಕೇಂದ್ರದ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ 20 ಹೆಚ್ಚುವರಿ, 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50. ನೂರು ತುಂಬಿದರೆ ಶೇ 100, ಅಂದರೆ ದುಪ್ಪಟ್ಟು. 101ರ ವಿಶ್ವೇಶ್ವರಯ್ಯ, 107ರ ವೆಂಕಟಸುಬ್ಬಯ್ಯ, 111ರವರೆಗೆ ಇದ್ದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಇಂಥವರಿಗೆಲ್ಲ ಅದರಲ್ಲಿ ಇರುವುದು ಒಂದೇ ಸಾಲು: ‘100 ವರ್ಷ ಮತ್ತು ಮೇಲ್ಪಟ್ಟು’. ಪಟ್ಟಿ ಅಲ್ಲಿಗೆ ಮುಗಿಯುತ್ತದೆ.